ಹಾರ್ಡಿ–ವೈನ್‌ಬರ್ಗ್ ನಿಯಮ ಬೆಳೆದುಬಂದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾರ್ಡಿ–ವೈನ್‌ಬರ್ಗ್ ನಿಯಮ ಏನು ಹೇಳುತ್ತದೆ?

ಒಂದು ಜೀನಿಗೆ ಎರಡು ರೂಪಗಳಿವೆ, ಅಂದರೆ ಎರಡು ಆಲೀಲುಗಳಿವೆ ಎಂದುಕೊಳ್ಳೋಣ. ದೊಡ್ಡದೊಂದು ಸಮುದಾಯದಲ್ಲಿ ಮೊದಲನೆಯ ಆಲೀಲಿನ ಪ್ರಮಾಣ ಪಿ, ಎರಡನೆಯದರದು ಕ್ಯೂ. ಎರಡೂ ಕೂಡಿದರೆ 1. ಯಾರು ಯಾರನ್ನು ಕೂಡಬೇಕೆಂಬುದರಲ್ಲಿ ಈ ಜೀನಿನ ಕೈವಾಡವಿಲ್ಲದಿದ್ದರೆ, ಅದರಿಂದ ಬದುಕಿಗಾಗಲಿ ಸಂತಾನಕ್ಕಾಗಲಿ ಲಾಭನಷ್ಟವಿಲ್ಲದಿದ್ದರೆ, ಹೊರಗಿನಿಂದ ವಲಸೆಯೂ ಹೊಸ ಮ್ಯುಟೇಶನ್ನೂ (ಜೀನಿನಲ್ಲೇ ಆಗುವ ಬದಲಾವಣೆ) ಇಲ್ಲದಿದ್ದರೆ, ಮುಂದಿನ ತಲೆಮಾರಿನಲ್ಲಿ ಮೊದಲ ಆಲೀಲನ್ನು ಜೋಡಿಯಾಗಿ ಪಡೆದವರು ಪಿ², ಎರಡನ್ನೂ ಒಂದೊಂದರಂತೆ ಪಡೆದವರು 2ಪಿಕ್ಯೂ, ಎರಡನೆಯದನ್ನು ಜೋಡಿಯಾಗಿ ಪಡೆದವರು ಕ್ಯೂ² ಪ್ರಮಾಣದಲ್ಲಿರುತ್ತಾರೆ. ಪಿ 0.7, ಕ್ಯೂ 0.3 ಆಗಿದ್ದರೆ ನೂರರಲ್ಲಿ 49, 42 ಮತ್ತು 9. ಅಲ್ಲಿಂದಾಚೆಗೆ ಎಷ್ಟು ತಲೆಮಾರು ಕಳೆದರೂ ಈ ಪ್ರಮಾಣ ಬದಲಾಗುವುದಿಲ್ಲ. ಜೀವಿಸಮುದಾಯಗಳ ತಳಿವಿಜ್ಞಾನದ ಉಳಿದೆಲ್ಲ ಲೆಕ್ಕಗಳೂ ಇದರ ಮೇಲೆಯೇ ನಿಂತಿವೆ.

ಇಷ್ಟು ಸರಳವಾದ ಸಂಗತಿಯನ್ನು ನಿಯಮವೆಂದು ಸಾರಬೇಕಾದ ಅಗತ್ಯ ಏಕೆ ಬಂತು?

ಹತ್ತೊಂಬತ್ತನೆಯ ಶತಮಾನದಲ್ಲಿ ತಂದೆತಾಯಿಯರ ಗುಣಗಳು ಮಕ್ಕಳಲ್ಲಿ ಬೆರೆತು ಹದವಾಗುತ್ತವೆ ಎಂಬುದೇ ಸಾಮಾನ್ಯ ನಂಬಿಕೆಯಾಗಿತ್ತು. ಡಾರ್ವಿನ್ನರ ವಿಕಾಸವಾದಕ್ಕೆ ಈ ನಂಬಿಕೆ ದೊಡ್ಡ ತೊಡಕಾಗಿತ್ತು. 1867ರಲ್ಲಿ ಸ್ಕಾಟಿಷ್ ಎಂಜಿನಿಯರ್ ಫ್ಲೀಮಿಂಗ್ ಜೆಂಕಿನ್ ಎತ್ತಿದ ಆಕ್ಷೇಪ ಅದನ್ನೇ ಹಿಡಿದಿತ್ತು: ಒಳ್ಳೆಯ ಗುಣವೊಂದು ಎಲ್ಲೋ ಒಬ್ಬರಲ್ಲಿ ಹುಟ್ಟಿದರೂ ತಲೆಮಾರಿನಿಂದ ತಲೆಮಾರಿಗೆ ಅರ್ಧರ್ಧವಾಗಿ ಕರಗಿಹೋಗುವುದಾದರೆ, ನಿಸರ್ಗ ಆರಿಸಿಕೊಳ್ಳುವುದಾದರೂ ಯಾವುದನ್ನು? ಇದಕ್ಕೆ ಉತ್ತರ ಬ್ರನೋ ನಗರದ ಪಾದ್ರಿ ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗಗಳಲ್ಲಿಯೇ ಇತ್ತು. ಆನುವಂಶಿಕ ಅಂಶಗಳು ಬೆರೆಯುವುದಿಲ್ಲ, ಒಡೆಯದ ಘಟಕಗಳಾಗಿ ಮುಂದಕ್ಕೆ ಸಾಗುತ್ತವೆ. ಆ ಪ್ರಬಂಧ ಮತ್ತೆ ಬೆಳಕಿಗೆ ಬಂದದ್ದು 1900ರಲ್ಲಿ.

ಆದರೆ ಮೆಂಡೆಲ್ ತೋರಿಸಿದ್ದು ತೋಟದಲ್ಲಿ ಬೇಕೆಂದೇ ನಡೆಸಿದ ಸಂಕರಗಳ ಫಲವನ್ನು. ಯಾರೂ ಹೊಂದಿಸಿ ಕೂಡಿಸದ, ತಮ್ಮಷ್ಟಕ್ಕೆ ತಾವೇ ಸಂತಾನ ಬೆಳೆಸುವ ದೊಡ್ಡ ಸಮುದಾಯದಲ್ಲಿ ಆ ಅನುಪಾತಗಳಿಗೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಇಂಗ್ಲೆಂಡಿನಲ್ಲಿ ಆಗ ವಿಲಿಯಂ ಬೇಟ್ಸನ್ ಮುಂದಾಳಾಗಿದ್ದ ಮೆಂಡೆಲ್ ಪಕ್ಷಕ್ಕೂ ಕಾರ್ಲ್ ಪಿಯರ್ಸನ್, ವೆಲ್ಡನ್ ಮುಂತಾದ, ಜೀವಿಗಳ ಗುಣಗಳನ್ನು ಅಳೆದು ಅಂಕಿಅಂಶಗಳಿಂದ ಅರಿಯಬಯಸುವ ಜೀವಮಾಪನ ಪಂಥದವರಿಗೂ ಕಡುವಿರೋಧವಿತ್ತು. ಒಂದು ಪಕ್ಷಕ್ಕೆ ಗಣಿತದಲ್ಲಿ ಒಲವು ಕಡಿಮೆ, ಇನ್ನೊಂದಕ್ಕೆ ಮೆಂಡೆಲ್ ಮೇಲೆ ವಿಶ್ವಾಸ ಕಡಿಮೆ. ಕೈಗೆಟಕುವ ಉತ್ತರಕ್ಕೆ ಎಂಟು ವರ್ಷ ಹಿಡಿದದ್ದಕ್ಕೆ ಗಣಿತದ ಕಷ್ಟಕ್ಕಿಂತ ಈ ಜಗಳವೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ.

ಹಾರ್ಡಿಗಿಂತ ಮೊದಲು ಯಾರೂ ಇದನ್ನು ಕಂಡಿರಲಿಲ್ಲವೇ?

ಭಾಗಶಃ ಕಂಡವರು ಮೂವರಾದರೂ ಇದ್ದಾರೆ. ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1902ರಲ್ಲಿ, ಸಂಕರದ ಎರಡನೆಯ ಪೀಳಿಗೆಯ 1:2:1 ಅನುಪಾತವು ಮುಕ್ತ ಸಂಯೋಗದಲ್ಲಿ, ಅಂದರೆ ಜೀನು ನೋಡದೆ ಯಾರು ಯಾರನ್ನಾದರೂ ಕೂಡುವಲ್ಲಿ, ಹಾಗೆಯೇ ಉಳಿಯುತ್ತದೆ ಎಂದು ತೋರಿಸಿದರು. ಎರಡೂ ಆಲೀಲುಗಳು ಸಮಪ್ರಮಾಣದಲ್ಲಿರುವ ವಿಶೇಷ ಸಂದರ್ಭ ಅದು. 1904ರಲ್ಲಿ ಪಿಯರ್ಸನ್ ಅದನ್ನೇ ಹಲವು ಜೀನುಗಳಿಗೆ ವಿಸ್ತರಿಸಿದರು. ಆದರೆ ಅವರ ಲೆಕ್ಕವೂ ಸಮಪಾಲಿನ ಊಹೆಯಿಂದ ಹೊರಬರಲಿಲ್ಲ.

ಇವರಿಬ್ಬರ ನಡುವೆ, 1903ರಲ್ಲಿ, ಹಾರ್ವರ್ಡ್‌ನ ವಿಲಿಯಂ ಕ್ಯಾಸಲ್ ಇನ್ನೂ ಮುಂದೆ ಹೋಗಿದ್ದರು. ದುರ್ಬಲ ಗುಣ, ಅಂದರೆ ಆಲೀಲು ಜೋಡಿಯಾಗಿ ಬಂದಾಗ ಮಾತ್ರ ಹೊರಗೆ ಕಾಣುವ ಗುಣ, ತೋರುವ ಜೀವಿಗಳನ್ನು ಪ್ರತಿ ತಲೆಮಾರಿನಲ್ಲೂ ಸಂತಾನದಿಂದ ಹೊರಗಿಟ್ಟರೆ ಅವುಗಳ ಪಾಲು ನಾಲ್ಕರಲ್ಲೊಂದರಿಂದ ಒಂಬತ್ತರಲ್ಲೊಂದು, ಹದಿನಾರರಲ್ಲೊಂದು, ಇಪ್ಪತ್ತೈದರಲ್ಲೊಂದು ಎಂದು ಇಳಿಯುತ್ತದೆ. ಆಯ್ಕೆಯನ್ನು ಎಲ್ಲಿ ನಿಲ್ಲಿಸುತ್ತೇವೆಯೋ ಅಲ್ಲಿಗೇ ಆ ಸಮುದಾಯ ನಿಲ್ಲುತ್ತದೆ ಎಂದು ಅವರು ಲೆಕ್ಕಹಾಕಿದರು. ಯಾವ ಪ್ರಮಾಣದಲ್ಲಿದ್ದರೂ ಸಮತೋಲನ ಸಾಧ್ಯ ಎಂಬುದು ಇದರಲ್ಲಿ ಅಡಕವಾಗಿದೆ. ಆದರೆ ಬೀಜಗಣಿತದ ಸೂತ್ರವಾಗಿ ಅವರು ಅದನ್ನು ಬರೆಯಲಿಲ್ಲ. ಕ್ಯಾಸಲ್‌ರ ಹೆಸರನ್ನೂ ನಿಯಮಕ್ಕೆ ಸೇರಿಸಬೇಕೆಂದು ಮುಂದೆ ಕೆಲವು ತಳಿವಿಜ್ಞಾನಿಗಳು ವಾದಿಸಿದರೂ ಅದು ರೂಢಿಗೆ ಬರಲಿಲ್ಲ.

1908ರಲ್ಲಿ ಕೇಂಬ್ರಿಡ್ಜ್‌ನಲ್ಲಿ ನಡೆದದ್ದೇನು?

ಬೇಟ್ಸನ್ನರ ಜೊತೆಗಾರ ರೆಜಿನಾಲ್ಡ್ ಪನೆಟ್ ಆ ವರ್ಷದ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಮೆಂಡೆಲ್ ನಿಯಮಗಳು ಮತ್ತು ರೋಗಗಳ ಕುರಿತು ಉಪನ್ಯಾಸ ಕೊಟ್ಟರು. ಬೆರಳುಗಳು ಗಿಡ್ಡವಾಗಿರುವ ಬ್ರ್ಯಾಕಿಡ್ಯಾಕ್ಟಿಲಿ ಎಂಬ ಸ್ಥಿತಿ ಪ್ರಬಲ ಗುಣವಾಗಿ (ಆಲೀಲು ಒಂದೇ ಪ್ರತಿಯಿದ್ದರೂ ಹೊರಗೆ ಕಾಣುವ ಗುಣವಾಗಿ) ಮನೆತನಗಳಲ್ಲಿ ಹರಿದುಬರುವುದನ್ನು ಅಮೆರಿಕದ ವಿಲಿಯಂ ಫ್ಯಾರಾಬೀ ಆಗಲೇ ತೋರಿಸಿದ್ದರು. ಮನುಷ್ಯರಲ್ಲಿ ಮೆಂಡೆಲ್ ರೀತಿಯಲ್ಲಿ ಸಾಗುವ ಪ್ರಬಲ ಗುಣಕ್ಕೆ ಸಿಕ್ಕ ಮೊದಲ ಉದಾಹರಣೆ ಅದು. ಉಪನ್ಯಾಸದ ನಂತರದ ಚರ್ಚೆಯಲ್ಲಿ ಯೂಲ್, ತಡೆಯುವ ಅಂಶಗಳು ಬೇರೆ ಇಲ್ಲದಿದ್ದರೆ ಕಾಲಾಂತರದಲ್ಲಿ ಗಿಡ್ಡಬೆರಳಿನವರು ಮೂವರಿಗೆ ಸಾಮಾನ್ಯ ಬೆರಳಿನವರು ಒಬ್ಬರು ಎಂಬ ಅನುಪಾತ ಕಾಣಬೇಕಲ್ಲ ಎಂಬರ್ಥದ ಮಾತಾಡಿದರು. ಹಾಗಾಗಿಲ್ಲ ಎಂಬುದು ಎಲ್ಲರ ಕಣ್ಣೆದುರಿಗಿತ್ತು. ಏಕೆ ಆಗಿಲ್ಲ ಎಂದು ವಿವರಿಸುವುದು ಪನೆಟ್‌ರಿಗೆ ಆಗಲಿಲ್ಲ.

ಯೂಲ್ ಎಡವಿದ ಜಾಗ ಅವರದೇ 1902ರ ಲೆಕ್ಕದಲ್ಲಿದೆ. ಸಮಪಾಲಿನ ಆಲೀಲುಗಳಿಂದ ಹೊರಟರೆ ಮೂರಕ್ಕೊಂದು ಅನುಪಾತ ಬಂದೇ ಬರುತ್ತದೆ. ಅಪರೂಪದ ಆಲೀಲಿನಿಂದ ಹೊರಟರೆ ಏನಾಗುತ್ತದೆಂಬುದನ್ನು ಅವರು ಬಿಡಿಸಿ ನೋಡಿರಲಿಲ್ಲ.

ಪನೆಟ್ ಕೇಂಬ್ರಿಡ್ಜ್‌ಗೆ ಮರಳಿ ಪ್ರಶ್ನೆಯನ್ನು ಟ್ರಿನಿಟಿ ಕಾಲೇಜಿನ ಗಣಿತಜ್ಞ ಜಿ. ಎಚ್. ಹಾರ್ಡಿಯವರ ಮುಂದಿಟ್ಟರು. ಹಾರ್ಡಿಯವರಿಗೆ ಜೀವವಿಜ್ಞಾನದಲ್ಲಿ ಆಸಕ್ತಿಯಿಲ್ಲವೆಂದು ಗೊತ್ತಿದ್ದರಿಂದ ಅದನ್ನು ಬರಿಯ ಗಣಿತದ ಪ್ರಶ್ನೆಯಾಗಿಯೇ ಇಟ್ಟೆನೆಂದು ಅವರು 1950ರಲ್ಲಿ ನೆನಪಿಸಿಕೊಂಡಿದ್ದಾರೆ. ಹಾರ್ಡಿ ಏಪ್ರಿಲ್ 5ರ ದಿನಾಂಕ ಹಾಕಿ ಬರೆದ ಪತ್ರ ಅಮೆರಿಕದ ‘ಸೈನ್ಸ್’ ಪತ್ರಿಕೆಯ 1908ರ ಜುಲೈ 10ರ ಸಂಚಿಕೆಯಲ್ಲಿ ಅಚ್ಚಾಯಿತು.

ಹಾರ್ಡಿಯವರ ಪತ್ರದಲ್ಲಿ ಇದ್ದದ್ದೇನು?

ಎರಡು ಪುಟವೂ ತುಂಬದ ಪತ್ರ ಅದು. ತಮಗೆ ಪರಿಣತಿಯಿಲ್ಲದ ವಿಷಯದಲ್ಲಿ ತಲೆಹಾಕಲು ಮನಸ್ಸಿಲ್ಲ, ಇಷ್ಟು ಸರಳ ಸಂಗತಿ ಜೀವವಿಜ್ಞಾನಿಗಳಿಗೆ ತಿಳಿದೇ ಇರುತ್ತದೆಂದುಕೊಂಡಿದ್ದೆ ಎಂದು ಆರಂಭಿಸಿ, ಇದಕ್ಕೆ ಮಗ್ಗಿಯ ಮಟ್ಟದ ಗಣಿತ ಸಾಕು ಎಂದು ಅವರು ಮುಂದುವರಿಸುತ್ತಾರೆ. ವಿನಯವೂ ಚುಚ್ಚುಮಾತೂ ಒಂದೇ ಉಸಿರಿನಲ್ಲಿವೆ.

ಶುದ್ಧ ಪ್ರಬಲ, ಮಿಶ್ರ, ಶುದ್ಧ ದುರ್ಬಲ ಎಂಬ ಮೂರು ಬಗೆಗಳನ್ನು ಅವರು ಪಿ, 2ಕ್ಯೂ, ಆರ್ ಎಂದು ಬರೆದುಕೊಂಡರು. ಇಲ್ಲಿನ ಕ್ಯೂ ಇಂದು ನಾವು ಬಳಸುವ ಕ್ಯೂ ಅಲ್ಲ. ಮುಕ್ತ ಸಂಯೋಗವಾದರೆ ಮುಂದಿನ ತಲೆಮಾರಿನ ಅನುಪಾತ (ಪಿ+ಕ್ಯೂ)² : 2(ಪಿ+ಕ್ಯೂ)(ಕ್ಯೂ+ಆರ್) : (ಕ್ಯೂ+ಆರ್)² ಆಗುತ್ತದೆ. ಇದು ಮೊದಲಿನ ಅನುಪಾತವೇ ಆಗಿರಬೇಕಾದರೆ ಕ್ಯೂ² = ಪಿ×ಆರ್ ಆಗಿರಬೇಕು. ಆರಂಭದಲ್ಲಿ ಹಾಗಿಲ್ಲದಿದ್ದರೂ ಒಂದು ತಲೆಮಾರು ಕಳೆದ ಕೂಡಲೇ ಹಾಗಾಗುತ್ತದೆ.

ಅವರು ಕೊಟ್ಟ ಉದಾಹರಣೆಯನ್ನು ಕಾಗದದ ಮೇಲೆ ಮಾಡಿನೋಡುವುದು ಒಳ್ಳೆಯದು. ಶುದ್ಧ ಗಿಡ್ಡಬೆರಳಿನವರು ಒಬ್ಬರಿಗೆ ಸಾಮಾನ್ಯರು 10,000 ಎಂದು ಹೊರಡಿ: ಪಿ 1, ಕ್ಯೂ 0, ಆರ್ 10,000. ಮುಂದಿನ ತಲೆಮಾರಿನಲ್ಲಿ ಶುದ್ಧರು 1, ಮಿಶ್ರರು 20,000, ಸಾಮಾನ್ಯರು 10,00,00,000. ಗುಣ ಪ್ರಬಲವಾದ್ದರಿಂದ ಮಿಶ್ರರೂ ಗಿಡ್ಡಬೆರಳಿನವರೇ. ಹಾಗಾಗಿ ಒಟ್ಟು 10,00,20,001 ಜನರಲ್ಲಿ 20,001 ಮಂದಿ, ಅಂದರೆ ಹತ್ತಿರಹತ್ತಿರ 10,000ಕ್ಕೆ ಇಬ್ಬರು. ಮೊದಲ ತಲೆಮಾರಿನ ಎರಡರಷ್ಟಾದ ಮೇಲೆ ಆ ಪ್ರಮಾಣಕ್ಕೆ ಹೆಚ್ಚುವ ಪ್ರವೃತ್ತಿಯೇ ಇಲ್ಲ. ಗುಣ ದುರ್ಬಲವಾಗಿದ್ದರೆ ಹತ್ತು ಕೋಟಿಗೆ ಒಬ್ಬರಷ್ಟೇ ಉಳಿಯುತ್ತಾರೆ, ಅಲ್ಲಿಂದ ಕಡಿಮೆಯಾಗುವುದೂ ಇಲ್ಲ.

ಪ್ರಬಲ ಗುಣ ಕೊನೆಗೆ ಎಲ್ಲರಲ್ಲೂ ಹರಡಿಬಿಡುತ್ತದೆ ಎಂದು ಈಗಲೂ ಕೇಳುತ್ತೇವಲ್ಲ?

ತಪ್ಪು. ಪ್ರಾಬಲ್ಯವೆಂಬುದು ಒಬ್ಬ ವ್ಯಕ್ತಿಯ ದೇಹದಲ್ಲಿ ಯಾವ ಆಲೀಲಿನ ಪರಿಣಾಮ ಹೊರಗೆ ಕಾಣುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಎಷ್ಟು ಜನರಲ್ಲಿ ಆ ಆಲೀಲಿದೆ ಎಂಬುದಕ್ಕೂ ಅದಕ್ಕೂ ನಂಟಿಲ್ಲ. ಓ ರಕ್ತಗುಂಪು ದುರ್ಬಲ ಗುಣ, ಆದರೂ ಜಗತ್ತಿನ ಎಷ್ಟೋ ಕಡೆ ಅದೇ ಎಲ್ಲಕ್ಕಿಂತ ಹೆಚ್ಚು.

ಕ್ರಿಕೆಟ್‌ನಿಂದ ಈ ನಿಯಮ ಹುಟ್ಟಿತು ಎಂಬುದು ನಿಜವೇ?

ಪೂರ್ತಿ ಹಾಗಲ್ಲ. ಹಾರ್ಡಿ ಮತ್ತು ತಾವು ಒಟ್ಟಿಗೆ ಕ್ರಿಕೆಟ್ ಆಡುತ್ತಿದ್ದೆವು, ಒಡನಾಟಕ್ಕೆ ಅದೂ ಒಂದು ಕಾರಣ ಎಂದು ಪನೆಟ್ ನೆನೆದಿದ್ದಾರೆ. 1913ರಲ್ಲಿ ಮದ್ರಾಸಿನಿಂದ ಬಂದ ಶ್ರೀನಿವಾಸ ರಾಮಾನುಜನ್ನರ ಪತ್ರವನ್ನು ಓದಿ ಅದರ ಬೆಲೆ ಕಂಡುಕೊಂಡ ಹಾರ್ಡಿ ಇವರೇ. ತಮ್ಮ ಗಣಿತದಿಂದ ಲೋಕಕ್ಕೆ ಯಾವ ಪ್ರಯೋಜನವೂ ಆಗಿಲ್ಲವೆಂದು 1940ರಲ್ಲಿ ಬರೆದುಕೊಂಡ ಅವರ ಹೆಸರನ್ನು ಗಣಿತ ಓದದವರೂ ಬಲ್ಲರೆಂದರೆ ಅದು ಹೆಚ್ಚಾಗಿ ಈ ಪುಟ್ಟ ಪತ್ರದಿಂದ.

ವೈನ್‌ಬರ್ಗ್ ಯಾರು?

ವಿಲ್ಹೆಲ್ಮ್ ವೈನ್‌ಬರ್ಗ್ (1862–1937) ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹೆರಿಗೆ ಮಾಡಿಸುತ್ತಿದ್ದ, ಬಡವರಿಗೆ ಔಷಧಿ ಕೊಡುತ್ತಿದ್ದ ವೈದ್ಯರು. ವಿಶ್ವವಿದ್ಯಾಲಯದ ಹುದ್ದೆಯಾಗಲಿ ಸಂಶೋಧನೆಯ ಜೊತೆಗಾರರಾಗಲಿ ಅವರಿಗಿರಲಿಲ್ಲ. ಮೂರೂವರೆ ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಂಡ ಅವರಿಗೆ ಅವಳಿಗಳ ಬಗ್ಗೆ ಕುತೂಹಲ ಹುಟ್ಟಿದ್ದು ಸಹಜವೇ. 1901ರಲ್ಲಿ ಅವರು ಕೊಟ್ಟ ಒಂದು ಉಪಾಯ ಇಂದಿಗೂ ಬಳಕೆಯಲ್ಲಿದೆ. ಒಂದು ಗಂಡು ಒಂದು ಹೆಣ್ಣು ಇರುವ ಅವಳಿಗಳು ಎರಡು ಬೇರೆ ಅಂಡಗಳಿಂದಲೇ ಬಂದಿರಬೇಕು. ಬೇರೆ ಅಂಡದ ಅವಳಿಗಳಲ್ಲಿ ಸುಮಾರು ಅರ್ಧದಷ್ಟು ಹೀಗಿರುತ್ತವೆ. ಆದ್ದರಿಂದ 100 ಅವಳಿ ಜೋಡಿಗಳಲ್ಲಿ 35 ಗಂಡು–ಹೆಣ್ಣು ಜೋಡಿಗಳಿದ್ದರೆ ಬೇರೆ ಅಂಡದವು 70, ಒಂದೇ ಅಂಡದವು 30. ಒಂದೇ ಒಂದು ಮಗುವನ್ನೂ ಪರೀಕ್ಷಿಸದೆ, ಜನನ ನೋಂದಣಿಯ ಪುಸ್ತಕದಿಂದಲೇ ಇದನ್ನು ತೆಗೆಯಬಹುದು.

ಬೇರೆ ಅಂಡದ ಅವಳಿಗಳನ್ನು ಹೆರುವ ಗುಣ ದುರ್ಬಲ ಮೆಂಡೆಲ್ ಗುಣವಾಗಿದ್ದರೆ, ಅವಳಿ ಹೆತ್ತವರ ತಾಯಂದಿರಲ್ಲೂ ಅಕ್ಕತಂಗಿಯರಲ್ಲೂ ಹೆಣ್ಣುಮಕ್ಕಳಲ್ಲೂ ಅದು ಎಷ್ಟು ಬಾರಿ ಕಾಣಬೇಕು ಎಂಬುದು ಅವರ ಮುಂದಿನ ಪ್ರಶ್ನೆ. ಅದನ್ನು ಬಿಡಿಸಲು ಮುಕ್ತ ಸಂಯೋಗದ ಸಮುದಾಯದಲ್ಲಿ ಮೂರು ಬಗೆಯವರ ಪ್ರಮಾಣ ಗೊತ್ತಿರಲೇಬೇಕಿತ್ತು. 1908ರ ಜನವರಿ 13ರಂದು, ಅಂದರೆ ಪನೆಟ್‌ರ ಉಪನ್ಯಾಸಕ್ಕೂ ಮೊದಲೇ, ಸ್ಟುಟ್‌ಗಾರ್ಟ್‌ನ ಪ್ರಕೃತಿ ಅಧ್ಯಯನ ಸಂಘದ ಸಭೆಯಲ್ಲಿ ಅವರು ಆ ಸೂತ್ರವನ್ನು ಯಾವುದೇ ಆರಂಭಿಕ ಪ್ರಮಾಣಕ್ಕೂ ಅನ್ವಯಿಸುವಂತೆ ಮಂಡಿಸಿದರು. ಅದು ಅಚ್ಚಾದದ್ದು ಅದೇ ವರ್ಷ, ಆ ಸಂಘದ ವಾರ್ಷಿಕ ಸಂಪುಟದಲ್ಲಿ.

ಹಾರ್ಡಿ ಒಂದು ತಪ್ಪುಕಲ್ಪನೆಯನ್ನು ತಿದ್ದಿ ಸುಮ್ಮನಾದರು. ವೈನ್‌ಬರ್ಗ್ ಅದನ್ನು ಉಪಕರಣವಾಗಿ ಹಿಡಿದು ಮುಂದೆ ನಡೆದರು: ಎರಡಕ್ಕಿಂತ ಹೆಚ್ಚು ಆಲೀಲುಗಳಿರುವಾಗ, ಒಂದಕ್ಕಿಂತ ಹೆಚ್ಚು ಜೀನುಗಳಿರುವಾಗ ಏನಾಗುತ್ತದೆಂದು 1909–10ರಲ್ಲಿ ಬರೆದರು. ರೋಗಿಯಿರುವ ಕುಟುಂಬಗಳನ್ನು ಮಾತ್ರ ಆರಿಸಿ ಎಣಿಸಿದರೆ ರೋಗದ ಪಾಲು ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುವ ದೋಷವನ್ನು ತಿದ್ದುವ ವಿಧಾನವನ್ನೂ ಕೊಟ್ಟರು. ಇಬ್ಬರ ಹೆಸರೂ ಜೊತೆಯಾಗಿದ್ದರೂ ಈ ವಿಜ್ಞಾನಕ್ಕೆ ಸಂದ ಕೊಡುಗೆಯಲ್ಲಿ ವೈನ್‌ಬರ್ಗ್ ಅವರದೇ ಹೆಚ್ಚಿನದು ಎಂದು ಹೇಳಲು ಹಿಂಜರಿಯಬೇಕಿಲ್ಲ.

ಹಾಗಿದ್ದರೆ ಅವರ ಹೆಸರು ಸೇರಿದ್ದು ಯಾವಾಗ?

1943ರಲ್ಲಿ. ಜರ್ಮನಿಯಿಂದ ಅಮೆರಿಕಕ್ಕೆ ಬಂದು ನೆಲೆಸಿದ್ದ ತಳಿವಿಜ್ಞಾನಿ ಕರ್ಟ್ ಸ್ಟರ್ನ್ ‘ಸೈನ್ಸ್’ ಪತ್ರಿಕೆಯಲ್ಲಿ ಚಿಕ್ಕ ಟಿಪ್ಪಣಿ ಬರೆದು, ಇಬ್ಬರ ಹೆಸರನ್ನೂ ಹೇಳಬೇಕೆಂದು ಒತ್ತಾಯಿಸಿದರು. ಅಲ್ಲಿಯವರೆಗೆ ಇಂಗ್ಲಿಷ್ ಬಲ್ಲ ಲೋಕಕ್ಕೆ ಇದು ಹಾರ್ಡಿ ನಿಯಮ ಮಾತ್ರ. ವೈನ್‌ಬರ್ಗ್ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.

ಈ ಸೂತ್ರದಿಂದ ನಿಜವಾದ ಒಗಟು ಬಿಡಿಸಿದ ಉದಾಹರಣೆ ಇದೆಯೇ?

ಇದೆ, ಅದರಲ್ಲಿ ಭಾರತೀಯರ ರಕ್ತವೂ ಇದೆ. ಎಬಿಓ ರಕ್ತಗುಂಪುಗಳು ಆನುವಂಶಿಕವೆಂದು 1910ರಲ್ಲಿ ತೋರಿಸಿದ ಫೋನ್ ಡುಂಗರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್, ಎ ಗುಣಕ್ಕೆ ಒಂದು ಜೀನು, ಬಿ ಗುಣಕ್ಕೆ ಬೇರೊಂದು ಸ್ವತಂತ್ರ ಜೀನು ಎಂದು ಊಹಿಸಿದ್ದರು. ಮೊದಲ ಮಹಾಯುದ್ಧದ ಕೊನೆಯಲ್ಲಿ ಲುಡ್ವಿಕ್ ಮತ್ತು ಅವರ ಪತ್ನಿ ಹಾನ್ನಾ, ಗ್ರೀಸಿನ ಸಲೋನಿಕಾದಲ್ಲಿ ಬೀಡುಬಿಟ್ಟಿದ್ದ ನಾನಾ ದೇಶಗಳ ಸೈನಿಕರ ರಕ್ತವನ್ನು ಪರೀಕ್ಷಿಸಿದರು. ಬ್ರಿಟಿಷ್ ಸೇನೆಯಲ್ಲಿದ್ದ ಭಾರತೀಯ ಸೈನಿಕರೂ ಅವರಲ್ಲಿದ್ದರು. 1919ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಭಾರತೀಯರ ಅಂಕಿಗಳು ಹೀಗಿವೆ: ಓ ಶೇಕಡ 31.3, ಎ 19.0, ಬಿ 41.2, ಎಬಿ 8.5.

ಎರಡು ಸ್ವತಂತ್ರ ಜೀನುಗಳಿದ್ದರೆ ಎ ಗುಣವುಳ್ಳವರ ಪಾಲನ್ನೂ ಬಿ ಗುಣವುಳ್ಳವರ ಪಾಲನ್ನೂ ಗುಣಿಸಿದಾಗ ಎಬಿಯವರ ಪಾಲು ಸಿಗಬೇಕು. ಎ ಇರುವವರು 19.0 ಮತ್ತು 8.5 ಸೇರಿ 27.5, ಬಿ ಇರುವವರು 49.7. ಗುಣಲಬ್ಧ ಶೇಕಡ 13.7. ಕಂಡದ್ದು 8.5 ಮಾತ್ರ. ಸಣ್ಣ ವ್ಯತ್ಯಾಸವಲ್ಲ ಇದು.

ಗಟಿಂಗನ್‌ನ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್ 1924ರಲ್ಲಿ ಒಂದೇ ಜೀನು, ಮೂರು ಆಲೀಲು ಎಂಬ ವಿವರಣೆ ಮುಂದಿಟ್ಟರು. ಈಗ ಹಾರ್ಡಿ–ವೈನ್‌ಬರ್ಗ್ ಸೂತ್ರ ಹಾಕಿ. ಓ ಗುಂಪಿನ ಪಾಲು 0.313ರ ವರ್ಗಮೂಲ 0.559, ಇದು ಓ ಆಲೀಲಿನ ಪ್ರಮಾಣ. ಎ ಆಲೀಲು ಇಲ್ಲದವರು, ಅಂದರೆ ಓ ಮತ್ತು ಬಿ ಸೇರಿ 0.725, ಅದರ ವರ್ಗಮೂಲ 0.851, ಅದನ್ನು 1ರಿಂದ ಕಳೆದರೆ ಎ ಆಲೀಲು 0.149. ಬಿ ಆಲೀಲು ಇಲ್ಲದವರು, ಅಂದರೆ ಓ ಮತ್ತು ಎ ಸೇರಿ 0.503, ವರ್ಗಮೂಲ 0.709, ಆದ್ದರಿಂದ ಬಿ ಆಲೀಲು 0.291. ಮೂರನ್ನೂ ಕೂಡಿದರೆ 0.999. ಎಬಿಯವರ ನಿರೀಕ್ಷಿತ ಪಾಲು 2 × 0.149 × 0.291, ಅಂದರೆ ಶೇಕಡ 8.7. ಕಂಡ 8.5ಕ್ಕೆ ಇಷ್ಟು ಹತ್ತಿರ. ಅದೇ ಪಟ್ಟಿಯ ಇಂಗ್ಲಿಷರ ಅಂಕಿಗಳನ್ನು (ಓ 46.4, ಎ 43.4, ಬಿ 7.2, ಎಬಿ 3.0) ಹಾಕಿ ನೋಡಿದರೂ ಎಬಿ 2.8 ಬರುತ್ತದೆ, ಹಳೆಯ ಊಹೆಯಂತೆ ಹೋದರೆ 4.7.

ಹಳೆಯ ಊಹೆ ನಿಜವಾಗಿದ್ದರೆ ಎಬಿ ತಾಯಿಗೆ ಓ ಮಗು ಹುಟ್ಟಬಹುದಿತ್ತು. ರಕ್ತಗುಂಪಿನಿಂದ ಪಿತೃತ್ವದ ವ್ಯಾಜ್ಯಗಳನ್ನು ತೀರ್ಮಾನಿಸುವ ಕಾಲ ಹತ್ತಿರವಾಗುತ್ತಿದ್ದಾಗ ಇದು ನ್ಯಾಯಾಲಯಕ್ಕೂ ಮುಖ್ಯವಾದ ಭೇದವಾಗಿತ್ತು.

ಫಿಶರ್, ಹಾಲ್ಡೇನ್, ರೈಟ್ ಇವರ ಪಾತ್ರವೇನು?

ನಿಯಮ ಹೇಳುವುದು ಏನೂ ಆಗದಿದ್ದರೆ ಏನಾಗುತ್ತದೆ ಎಂಬುದನ್ನು. ಆಯ್ಕೆ, ಮ್ಯುಟೇಶನ್, ವಲಸೆ, ಚಿಕ್ಕ ಸಮುದಾಯದಲ್ಲಿ ಆಗುವ ಆಕಸ್ಮಿಕ ಏರಿಳಿತ, ಇವು ಒಂದೊಂದಾಗಿ ಸೇರಿದಾಗ ಏನಾಗುತ್ತದೆಂದು ಲೆಕ್ಕಹಾಕಿದವರು ಗಣಿತದಲ್ಲಿ ಪಳಗಿದ ಈ ಮೂವರು ತಳಿವಿಜ್ಞಾನಿಗಳು, ಹೆಚ್ಚಾಗಿ 1918ರಿಂದ 1932ರ ನಡುವೆ. ಬೆರೆಯುವ ಆನುವಂಶಿಕತೆಯಲ್ಲಿ ವೈವಿಧ್ಯ ಪ್ರತಿ ತಲೆಮಾರಿನಲ್ಲಿ ಅರ್ಧಕ್ಕಿಳಿಯುತ್ತದೆ, ಮೆಂಡೆಲ್ ರೀತಿಯಲ್ಲಿ ಹಾಗೇ ಉಳಿಯುತ್ತದೆ ಎಂಬುದನ್ನು ಫಿಶರ್ ಸ್ಪಷ್ಟಪಡಿಸಿದರು. ಜೆಂಕಿನ್‌ಗೆ ಪೂರ್ಣ ಉತ್ತರ ಸಿಕ್ಕಿದ್ದು ಅಲ್ಲಿ. ರಷ್ಯಾದಲ್ಲಿ ಸೆರ್ಗೈ ಚೆಟ್ವೆರಿಕೋವ್ 1926ರಲ್ಲಿ, ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಕಾಡುನೊಣಗಳ ಸಮುದಾಯದೊಳಗೂ ದುರ್ಬಲ ಆಲೀಲುಗಳು ಹೇರಳವಾಗಿ ಅಡಗಿರುತ್ತವೆ ಎಂದು ಇದೇ ನಿಯಮದಿಂದ ವಾದಿಸಿದರು.

ಹೀಗೆ ಅಡಗಿರುವ ಆಲೀಲುಗಳ ಲೆಕ್ಕ, ‘ಕೆಟ್ಟ’ ಗುಣದವರ ಸಂತಾನ ತಡೆದು ಮನುಷ್ಯತಳಿಯನ್ನು ಸುಧಾರಿಸಬೇಕೆನ್ನುವ ಸುಜನನವಾದಿಗಳಿಗೆ ಅಪಥ್ಯವಾಗಿತ್ತು. ನೂರಕ್ಕೊಬ್ಬರಲ್ಲಿ ಕಾಣುವ ದುರ್ಬಲ ಗುಣವುಳ್ಳವರಿಗೆಲ್ಲ ಸಂತಾನವೇ ಆಗದಂತೆ ತಡೆದರೂ ಅದು ಸಾವಿರಕ್ಕೊಂದಾಗಲು 22, ಹತ್ತು ಸಾವಿರಕ್ಕೊಂದಾಗಲು 90 ತಲೆಮಾರು ಬೇಕು. ಪನೆಟ್ 1917ರಲ್ಲೇ ಈ ಲೆಕ್ಕ ಪ್ರಕಟಿಸಿದ್ದರು. ಅದಾದ ಮೇಲೂ ಹಲವು ದೇಶಗಳು ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ನಡೆಸಿದವು.

ಸಂಬಂಧದಲ್ಲಿ ಮದುವೆಯಾಗುವ ನಮ್ಮ ಕಡೆ ಈ ನಿಯಮ ಅನ್ವಯಿಸುತ್ತದೆಯೇ?

ನೇರವಾಗಿ ಅನ್ವಯಿಸುವುದಿಲ್ಲ, ಸ್ಯೂಯಲ್ ರೈಟ್ ಕೊಟ್ಟ ತಿದ್ದುಪಡಿಯೊಂದಿಗೆ ಅನ್ವಯಿಸುತ್ತದೆ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದಾಗ ಹುಟ್ಟುವ ಮಗುವಿನಲ್ಲಿ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ 1/8. ಅತ್ತೆಯ ಮಗ, ಮಾವನ ಮಗಳ ಮದುವೆಯಲ್ಲಿ 1/16. ದುರ್ಬಲ ಆಲೀಲಿನ ಪ್ರಮಾಣ ನೂರಕ್ಕೊಂದು ಇರುವ ರೋಗ ಮುಕ್ತ ಸಂಯೋಗದಲ್ಲಿ ಹತ್ತು ಸಾವಿರಕ್ಕೊಂದು ಮಗುವಿಗೆ ಬರುತ್ತದೆ. ಅತ್ತೆ–ಮಾವನ ಮಕ್ಕಳ ಮದುವೆಯಲ್ಲಿ ಅದು ಹತ್ತು ಸಾವಿರಕ್ಕೆ ಸುಮಾರು 7, ಅಕ್ಕನ ಮಗಳ ಮದುವೆಯಲ್ಲಿ ಸುಮಾರು 13. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ತಪಾಸಣೆಯೊಂದಿಗೆ ನಡೆದ ಅಧ್ಯಯನಗಳಲ್ಲಿ ಮೂರನೇ ಒಂದರಷ್ಟು ಮದುವೆಗಳು ರಕ್ತಸಂಬಂಧದವೆಂದು ಕಂಡುಬಂದಿತ್ತು. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯೇ ನೆಲೆಸಿದ ಹಾಲ್ಡೇನ್ ದಕ್ಷಿಣದ ಈ ಪದ್ಧತಿಯ ಅಧ್ಯಯನಕ್ಕೆ ಪ್ರೋತ್ಸಾಹ ಕೊಟ್ಟಿದ್ದರು.

ಇನ್ನೊಂದು ತಿದ್ದುಪಡಿ ಸ್ವೀಡನ್ನಿನ ಸ್ಟೆನ್ ವಾಲುಂಡ್ ಅವರದು, 1928ರದ್ದು. ತಮ್ಮತಮ್ಮೊಳಗೇ ಮದುವೆಯಾಗುವ ಎರಡು ಸಮಗಾತ್ರದ ಗುಂಪುಗಳಲ್ಲಿ ಆಲೀಲಿನ ಪ್ರಮಾಣ 0.1 ಮತ್ತು 0.3 ಎನ್ನಿ. ಎರಡನ್ನೂ ಒಂದೇ ಸಮುದಾಯವೆಂದು ಭಾವಿಸಿದರೆ ದುರ್ಬಲ ಗುಣ ನೂರಕ್ಕೆ 4 ಇರಬೇಕು. ನಿಜವಾಗಿ ಇರುವುದು 5. ಜಾತಿಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡುವ ಭಾರತದ ಯಾವ ಅಧ್ಯಯನವೂ ಇದನ್ನು ಮರೆಯುವಂತಿಲ್ಲ.

ಸಮತೋಲನ ಯಾವಾಗಲೂ ಒಂದೇ ತಲೆಮಾರಿನಲ್ಲಿ ಬರುತ್ತದೆಯೇ?

ಇಲ್ಲ. ಎಕ್ಸ್ ಕ್ರೋಮೊಸೋಮಿನ ಮೇಲಿರುವ ಜೀನುಗಳಲ್ಲಿ ಗಂಡು ಹೆಣ್ಣುಗಳ ನಡುವಿನ ಪ್ರಮಾಣಭೇದ ಪ್ರತಿ ತಲೆಮಾರಿನಲ್ಲಿ ಅರ್ಧವಾಗುತ್ತಾ, ಅತ್ತಿಂದಿತ್ತ ಹೊಯ್ದಾಡುತ್ತಾ ಕ್ರಮೇಣ ಶಮನವಾಗುತ್ತದೆ. ಎರಡು ಜೀನುಗಳನ್ನು ಒಟ್ಟಾಗಿ ನೋಡುವಾಗಲೂ ಸಮತೋಲನ ನಿಧಾನವೇ.

ಈಗಿನ ಪ್ರಯೋಗಾಲಯಗಳಲ್ಲಿ ಇದರ ಬಳಕೆ ಹೇಗೆ?

ಬಹುಪಾಲು, ತಪ್ಪು ಹಿಡಿಯಲು. ಸಾವಿರ ಜನರ ಡಿಎನ್‌ಎ ಓದಿದಾಗ ಎರಡೂ ಆಲೀಲುಗಳು ಸಮಪ್ರಮಾಣದಲ್ಲಿವೆ, ಆದರೆ ಮೂರು ಬಗೆಗಳ ಎಣಿಕೆ 300, 400, 300 ಬಂದಿದೆ ಎನ್ನಿ. ಇರಬೇಕಾದದ್ದು 250, 500, 250. ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರವಿದೆಯೆಂದು ಅಳೆಯುವ ಕೈ–ವರ್ಗ (χ²) ಪರೀಕ್ಷೆಯ ಮೌಲ್ಯ 40 ಆಗುತ್ತದೆ, 3.84 ದಾಟಿದರೇ ಅನುಮಾನಿಸುವುದು ರೂಢಿ. ಇಂಥಲ್ಲಿ ವಿಕಾಸದ ವಿಶೇಷವೇನೋ ಸಿಕ್ಕಿತೆಂದು ಹಿಗ್ಗುವ ಬದಲು, ಉಪಕರಣವು ಮಿಶ್ರರನ್ನು ಶುದ್ಧರೆಂದು ತಪ್ಪಾಗಿ ಓದುತ್ತಿದೆಯೇ ಎಂದು ಮೊದಲು ನೋಡುತ್ತಾರೆ.

ಅಂಕಿಗಳು ನಿಯಮಕ್ಕೆ ಹೊಂದಿಕೊಂಡರೆ ಆಯ್ಕೆ ನಡೆಯುತ್ತಿಲ್ಲವೆಂದು ಹೇಳಬಹುದೇ?

ಹೇಳಲಾಗದು. ಮುಕ್ತ ಸಂಯೋಗ ಇರುವವರೆಗೆ ಪ್ರತಿ ತಲೆಮಾರಿನ ಭ್ರೂಣಗಳಲ್ಲಿ ಪಿ², 2ಪಿಕ್ಯೂ, ಕ್ಯೂ² ಹೊಸದಾಗಿ ಮೂಡುತ್ತದೆ. ಆಯ್ಕೆ ಕೆಲಸ ಮಾಡುವುದು ಆಮೇಲೆ. ಕುಡಗೋಲು ಕಣ ರಕ್ತಹೀನತೆಯ ಆಲೀಲನ್ನು ಒಂದು ಪ್ರತಿಯಾಗಿ ಪಡೆದವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆಂದು ಆಂಟನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕಾದ ಅಧ್ಯಯನಗಳಿಂದ ತೋರಿಸಿದರು. ಭಾರತದಲ್ಲಿ ಈ ಆಲೀಲು ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಮಲೇರಿಯಾ ಇರುವ ಪ್ರದೇಶದಲ್ಲಿ ಹುಟ್ಟಿದ ಕೂಸುಗಳ ರಕ್ತ ನೋಡಿದರೆ ಪ್ರಮಾಣ ನಿಯಮಕ್ಕೆ ಸರಿಹೊಂದುತ್ತದೆ. ಅದೇ ಊರಿನ ವಯಸ್ಕರಲ್ಲಿ ಒಂದು ಪ್ರತಿಯುಳ್ಳವರು ನಿರೀಕ್ಷೆಗಿಂತ ಹೆಚ್ಚಿರುತ್ತಾರೆ. ಆದ್ದರಿಂದ ಯಾವ ವಯಸ್ಸಿನವರಿಂದ ಮಾದರಿ ತೆಗೆದರೆಂಬುದನ್ನು ಹೇಳದ ಪರೀಕ್ಷೆಯಿಂದ ಆಯ್ಕೆಯ ಬಗ್ಗೆ ತೀರ್ಮಾನಕ್ಕೆ ಬರಲಾಗದು.